ಚಿಲಕ ಎಷ್ಟು ಎತ್ತರ

"ಒಳಗಿನ ಕೋಣೆ ಅಂದ್ರೆ ಒಂದು ಕಿಟಕಿನೂ ಇರಲ್ವಾ?" ಎಂದು ಹೆಂಡತಿ ಮತ್ತೆ ಕೇಳಿದಳು.

"ಇರಲ್ಲ ಆಂಟಿ. ದೀಪ ಆರಿಸಿದ್ರೆ ಹಗಲೋ ರಾತ್ರಿನೋ ಗೊತ್ತಾಗಲ್ಲ," ಎಂದಳು ಪ್ರವಾಸದ ಆಫೀಸಿನ ಹುಡುಗಿ, ಹಡಗಿನ ಚಿತ್ರಗಳಿದ್ದ ಹಾಳೆಯನ್ನು ಅವರತ್ತ ತಿರುಗಿಸುತ್ತ.

"ನಿದ್ದೆ ಚೆನ್ನಾಗಿ ಬರುತ್ತೆ, ಅಷ್ಟು ಸಾಕು," ಎಂದರು ಬೀಗದ ಮೇಷ್ಟ್ರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೀಲಿ ಕಳೆದುಕೊಂಡವರು, ಬಾಗಿಲು ಎಳೆದುಕೊಂಡು ಹೊರಗೆ ಸಿಕ್ಕಿಬಿದ್ದವರು ಅವರ ಅಂಗಡಿಗೇ ಓಡಿಬರುತ್ತಿದ್ದರು. ಆ ಕೈಚಳಕಕ್ಕೆ ಜನ ಕೊಟ್ಟ ಹೆಸರು ಅದು. ಹೆಂಡತಿಯದು ಬೇರೆ ಕಥೆ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಲೇ ಅರ್ಧ ಆಯುಷ್ಯ ಸವೆಸಿದವಳು. ಹೊರಗೆ ಬಿಸಿಲೋ ಮಳೆಯೋ ಎಂಬುದನ್ನು ಮೇಲಿಂದ ಇಳಿದು ಬಂದವರ ಬಟ್ಟೆ ನೋಡಿ ತಿಳಿಯಬೇಕಿತ್ತು. ಕೆಲಸ ಬಿಟ್ಟ ದಿನ ಅವಳು ಕೇಳಿದ್ದು ಒಂದೇ: ಒಂದು ಸಲ ಹಡಗು ಹತ್ತಬೇಕು, ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಸಮುದ್ರ ಇರಬೇಕು. ಬಂಗಾರ ಕೇಳಲಿಲ್ಲ, ಬಂಗಲೆ ಕೇಳಲಿಲ್ಲ. ಇಷ್ಟನ್ನೂ ಕೊಡಲಾರದವನು ಎಂಥ ಗಂಡ?

ಆದರೆ ಅವಳು ನಿದ್ದೆಯಲ್ಲಿ ನಡೆಯುತ್ತಾಳೆ. ಮೊದಲ ಸಲ ಕಂಡಾಗ ಮೇಷ್ಟ್ರು ಮುಚ್ಚಿಡದೆ ಹೇಳಿಬಿಟ್ಟಿದ್ದರು. ಆಮೇಲೆ ಅವಳು ಮಲಗುವುದನ್ನೇ ಬಿಟ್ಟಳು. ಗೋಡೆಗೆ ಒರಗಿ ಕೂತು ಕೂತು ಸೊರಗಿ ಕಡ್ಡಿಯಾದಳು. ನೋಡಲಾರದೆ ಮೇಷ್ಟ್ರು, "ಈಗ ನಿಂತುಹೋಗಿದೆ ಕಣೇ, ಹಾಯಾಗಿ ಮಲಗು," ಎಂದು ಸುಳ್ಳು ಹೇಳಿದರು. ಅವಳು ನಂಬಿದಳು, ಮಲಗಿದಳು, ಮತ್ತೆ ಎದ್ದು ನಡೆದಳು. ಮನೆಯ ಬಾಗಿಲುಗಳಿಗೆಲ್ಲ ಅವಳ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಚಿಲಕ ಬಂತು. ಕಳ್ಳರ ಕಾಟ ಎಂದರು. ಬೀಗದವನ ಬುದ್ಧಿ ಬೀಗದ ಮೇಲೇ ಎಂದು ಅವಳು ನಕ್ಕಿದ್ದಳು.

ಹಡಗಿನ ಒಳಗಿನ ಕೋಣೆಗೆ ಒಂದೇ ಬಾಗಿಲು. ಅದಕ್ಕೆ ಅಡ್ಡವಾಗಿ ತಾವು ಮಲಗಬಹುದು. ಬಾಲ್ಕನಿಯಿದ್ದರೆ ಎರಡು, ಒಂದರಾಚೆ ಸಮುದ್ರ. ನಿಜ ಹೇಳಿದರೆ ಅವಳ ನಿದ್ದೆ ಹೋಗುತ್ತದೆ, ಹೇಳದಿದ್ದರೆ ಅವಳೇ ಹೋದಾಳು. ಅತ್ತ ದರಿ, ಇತ್ತ ಪುಲಿ.

"ದುಡ್ಡಿಗೋಸ್ಕರಾನಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಹಾಗೇ ಅಂದ್ಕೋ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

ಜಿಪುಣ ಅನ್ನಿಸಿಕೊಂಡರೂ ಚಿಂತೆಯಿಲ್ಲ, ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿದಳು. "ಅಂಕಲ್, ನಿಮ್ಮ ಅದೃಷ್ಟ ನೋಡಿ. ಬಾಲ್ಕನಿ ಕೋಣೆಗಳು ಖಾಲಿ ಉಳಿದಿವೆಯಂತೆ. ಒಳಗಿನದರ ರೇಟಿಗೇ ಕೊಡ್ತಾರೆ."

ಹೆಂಡತಿ ಅವರ ಮೊಣಕೈ ಹಿಡಿದುಕೊಂಡಳು. "ಕೇಳಿದ್ರಾ? ಇನ್ನೇನು ನೆಪ ಹೇಳ್ತೀರೋ ಹೇಳಿ." ಅವಳ ಮುಖ ಅರಳಿತ್ತು. ಅದನ್ನು ನೋಡಿ ಮೇಷ್ಟ್ರಿಗೆ ಅಳು ಬರುವಂತಾಯಿತು. ಎಷ್ಟೋ ಜನರ ಬಾಗಿಲು ತೆಗೆದುಕೊಟ್ಟ ತಲೆಗೆ ಒಂದು ನೆಪವೂ ಹೊಳೆಯಲಿಲ್ಲ. ಕೊನೆಗೆ ಕಸುಬೇ ಬಾಯಿಗೆ ಬಂತು.

"ಆ ಬಾಲ್ಕನಿ ಬಾಗಿಲಿನ ಚಿಲಕ ಎಷ್ಟು ಎತ್ತರದಲ್ಲಿದೆಯಮ್ಮ?"

ಹುಡುಗಿ ನಕ್ಕಳು. "ನಡುಸಮುದ್ರದಲ್ಲಿ ಕಳ್ಳರು ಎಲ್ಲಿಂದ ಬರ್ತಾರೆ ಅಂಕಲ್?"

"ಹೊರಗಿನವರ ಮಾತಲ್ಲ. ಒಳಗಡೆಯಿಂದ. ಮೇಲುಗಡೆ ಇನ್ನೊಂದು ಹಾಕೋಕೆ ಬಿಡ್ತಾರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿಯ ಕೈ ಅವರ ಮೊಣಕೈಯಿಂದ ಜಾರಿತು. ಅವಳು ಅವರ ಮುಖವನ್ನೇ ನೋಡಿದಳು. ಅವರು ಮೇಜನ್ನು ನೋಡಿದರು. ಮನೆಯ ಒಂದೊಂದೇ ಬಾಗಿಲು ಅವಳ ಕಣ್ಣ ಮುಂದೆ ಬರುತ್ತಿರಬೇಕು.

"ಒಳಗಿನದೇ ಇರಲಿ ಬಿಡಮ್ಮ," ಎಂದಳು ಹುಡುಗಿಗೆ. "ಬೆಳಕಿದ್ರೆ ನನಗೆ ನಿದ್ದೆ ಬರಲ್ಲ."

"ರೇಟು ಒಂದೇ ಆಂಟಿ."

"ಇರಲಿ."

ಎಂಥ ಗಿರಾಕಿಗಳಪ್ಪಾ ಎಂಬಂತೆ ಹುಡುಗಿ ಟೈಪು ಮಾಡತೊಡಗಿದಳು. ಏನಾದರೂ ಹೇಳಬೇಕೆಂದು ಮೇಷ್ಟ್ರು ಪಕ್ಕಕ್ಕೆ ತಿರುಗಿದರು. ಹೆಂಡತಿ ಚಪ್ಪಲಿ ಕಳಚಿಟ್ಟು, ತನ್ನ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದಳು.