ಗುಬ್ಬಿಗಣ್ಣಿನ ಹಾಸು

"ಒಂಬಾಳಮ್ಮನ ಬೆರಳ್ಗೆ ಗಾಳಿ ಮೆಟ್ಕಂಡೈತೆ ಕಣಮ್ಮಿ" ಎಂದು ಗುತ್ತಲಿನ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳದೆ ಏನು ಮಾಡಿಯಾರು? ದಾರಿ ನಡೆಯುವಾಗ, ನೀರು ಸೇದಿ ನಿಂತಾಗ, ಕಡೆಗೆ ಉಣ್ಣಲು ಎಲೆಯ ಮುಂದೆ ಕುಳಿತಾಗಲೂ ಹೊಂಬಾಳಮ್ಮನ ನಾಲ್ಕು ಬೆರಳುಗಳು ಸೆರಗಿನ ಅಂಚಿನ ಮೇಲೆ ಒಂದು, ಮೂರು, ಎರಡು, ನಾಲ್ಕು ಎಂದು ಒತ್ತುತ್ತಲೇ ಇರುತ್ತಿದ್ದವು. ಪಕ್ಕದ ಮನೆಯ ಬೀರಮ್ಮನಿಗಂತೂ ಅದು ಉಪ್ಪಿನಕಾಯಿಯಿದ್ದ ಹಾಗೆ. "ಏಳೊರ್ಸದಿಂದ ನೇಯ್ತಾವ್ಳಂತೆ. ಆ ಮನೆಯಿಂದ ಒಂದ್ ಲಂಗೋಟಿ ಬಟ್ಟೆ ಆಚ್ಗೆ ಬಂದದ್ದ ಯಾರಾದ್ರೂ ಕಂಡಿದ್ದೀರಾ?"

ಈ ಮಾತು ಹೊಂಬಾಳಮ್ಮನಿಗೆ ನಾಟುತ್ತಿರಲಿಲ್ಲ. ನಾಟುತ್ತಿದ್ದದ್ದು ಅವಳ ಅತ್ತಿಗೆ ಪಟ್ಟಲಮ್ಮನಿಗೆ.

ಗಂಡ ಸತ್ತು ಅಣ್ಣನ ಮನೆ ಸೇರಿದ್ದ ಹೊಂಬಾಳಮ್ಮ, ಮೂವತ್ತೊಂಬತ್ತನೆಯ ಇಸವಿಯಲ್ಲಿ ಮದ್ದೂರಿನಲ್ಲಿ ಹೆಂಗಸರಿಗೆ ನೇಯ್ಗೆ ಕಲಿಸುತ್ತಾರೆಂದು ಕೇಳಿ, ಬುತ್ತಿ ಕಟ್ಟಿಕೊಂಡು ಬೆಳಗಿನ ರೈಲು ಹತ್ತಿದವಳು. ಅಲ್ಲಿದ್ದದ್ದು ಕಾಲಿನಿಂದ ತುಳಿಯುವ ದೊಡ್ಡ ಮಗ್ಗವಲ್ಲ. ಮೇಜಿನ ಮೇಲಿಟ್ಟು ನಾಲ್ಕು ಮರದ ಹಿಡಿಗಳನ್ನು ಬೆರಳಿನಿಂದ ಒತ್ತಿ ನೇಯುವ ಪುಟ್ಟ ಮಗ್ಗ. ಉಳಿದವರು ಟವಲು ನೇಯುವಷ್ಟು ಕಲಿತು ಮನೆಗೆ ಹೋದರು. ಇವಳು ಹೋಗಲಿಲ್ಲ. ಸಾದಾ ನೇಯ್ಗೆ ಕೈಗೆ ಬಂದರೆ ಓರೆ ನೇಯ್ಗೆ, ಅದು ಬಂದರೆ ಮೀನಿನ ಮುಳ್ಳು, ಅದಾದರೆ ಜೇನುಗೂಡು. ಒಂದೊಂದನ್ನೂ ಒಂದು ಗೇಣು ನೇಯ್ದು, ದೀಪದ ಬೆಳಕಿಗೆ ಹಿಡಿದು, ಮೆಚ್ಚಿ, ಮರುದಿನ ಬಿಚ್ಚಿಬಿಡುವಳು. ಯುದ್ಧದ ಕಾಲದಲ್ಲಿ ನೂಲೆಂಬುದು ಬಂಗಾರವಾಗಿತ್ತು, ಬಿಚ್ಚಿದ ನೂಲಿನಲ್ಲೇ ಮುಂದಿನ ಪಾಠ ಆಗಬೇಕು. ನೂಲಿಲ್ಲದೆ ತರಗತಿಯೇ ಮುಚ್ಚಿದಾಗ, ಒಂದು ಮಗ್ಗವನ್ನು ಬೇಡಿ ಪಡೆದು, ತಲೆಯ ಮೇಲೆ ಹೊತ್ತುಕೊಂಡೇ ಮನೆಗೆ ಬಂದಳು.

ಮದ್ದೂರಿನಲ್ಲಿ ಕಲಿಸುತ್ತಿದ್ದವರು ಮಳವಳ್ಳಿಯ ಮರಿಸಿದ್ದಯ್ಯ. ಕಣ್ಣು ಮುಕ್ಕಾಲು ಹೋಗಿತ್ತು. ಎಳೆಯ ನಂಟು ಮಾತ್ರ ಹೋಗಿರಲಿಲ್ಲ. ನಲವತ್ತೈದರ ಮಾಗಿಯಲ್ಲಿ ಆ ಮುದುಕ ಇದ್ದಿಲ ಹೊಗೆ ಉಗುಳುವ ಬಸ್ಸಿನಲ್ಲಿ ಕುಳಿತು ಗುತ್ತಲಿಗೇ ಬಂದು, ಮೂರು ದಿನ ಜಗಲಿಯಲ್ಲಿ ಕುಳಿತು, ಮಗ್ಗದ ದಾರದ ಕಣ್ಣುಗಳಲ್ಲಿ ಹಾಸಿನ, ಎಂದರೆ ಉದ್ದಕ್ಕೆ ಎಳೆದ, ನಾನೂರು ಎಳೆಗಳನ್ನು ಒಂದೊಂದಾಗಿ ತಡವಿ ತೂರಿಸಿದ. ಯಾವ ಎಳೆ ಯಾವ ಕಣ್ಣಿಗೆ ಎಂಬ ಆ ಸರದಿಯೇ ಬಟ್ಟೆಯ ಹೂವು. ಅದರ ಹೆಸರು ಗುಬ್ಬಿಗಣ್ಣು. ಬಟ್ಟೆಯ ತುಂಬ ಸಾಸಿವೆಯಷ್ಟು ಕಣ್ಣುಗಳು ಬಿಟ್ಟುಕೊಂಡು ನೋಡುತ್ತವೆ.

"ಬರ್ಕೊಳ್ಳನಾ ಅಯ್ಯಾ?" ಎಂದಳು ಹೊಂಬಾಳಮ್ಮ.

"ಬರಿಯಾದ್ ಯಾಕವ್ವ? ಮಗ್ಗವ ಯಾವತ್ತೂ ಬರಿದು ಮಾಡ್ಬೇಡ. ಅಳೆ ಹಾಸು ಮುಗಿಯಾಕ್ ಮುಂಚೆ ಅದರ ತುದೀಗೇ ಒಸ ಎಳೆ ಗಂಟಾಕು. ಗಂಟು ಎಳ್ಕಂಡ್ ಓಯ್ತಾ ಇದ್ರೆ ಸರದಿ ತಪ್ಪಾಕಿಲ್ಲ. ನಮ್ಮಪ್ಪ ಆಕಿದ್ದು ನನ್ನ ಮಗ್ಗದಲ್ಲಿ ನಲವತ್ತೊರ್ಸ ಇತ್ತು ಕಣವ್ವ."

ಆ ಯುಗಾದಿಗೆ ಮುಂಚೆಯೇ ಮುದುಕ ತೀರಿಕೊಂಡ.

ಹೊಂಬಾಳಮ್ಮ ಇದೊಂದನ್ನು ಮಾತ್ರ ಬಿಚ್ಚಲಿಲ್ಲ. ದಿನಕ್ಕೆ ನಾಲ್ಕು ಬೆರಳಗಲ ನೇಯ್ದು, ಮೇಲೆ ಹಳೆಯ ಪಂಚೆ ಹೊದಿಸಿ ಏಳುವಳು. ಎರಡು ಮೊಳವಾಗುವ ಹೊತ್ತಿಗೆ ಹಾಸು ತುದಿಗೆ ಬಂತು. ಗಂಟು ಹಾಕಲು ಹೊಸ ನೂಲು ಬೇಕೆಂದು ಮದ್ದೂರಿಗೆ ಹೋದಳು.

ಅದೇ ದಿನ ಮನೆಯಲ್ಲಿ ಪಟ್ಟಲಮ್ಮನ ಮಗಳ ಕೂಸಿಗೆ ತೊಟ್ಟಿಲ ಶಾಸ್ತ್ರ. ಬಂದ ಬೀರಮ್ಮ ತೊಟ್ಟಿಲೊಳಗೆ ಇಣುಕಿ, "ಏನಮ್ಮಿ ಪಟ್ಟಲಿ, ಮಗ್ಗ ಇರೋ ಮನೇಲಿ ಮಗೀಗೆ ಅರುಕ್ಲು ಸೀರೆ ಆಸಿದ್ದೀಯಲ್ಲ!" ಎಂದು ನಕ್ಕಳು. ನೆರೆದವರೆಲ್ಲ ನಕ್ಕರು. ಪಟ್ಟಲಮ್ಮನಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. ನನ್ನ ನಾದಿನಿಯ ಕೈ ಎಂಥದು ಎಂದು ಇವರೆಲ್ಲ ಇವತ್ತೇ ನೋಡಲಿ! ಕುಡುಗೋಲು ತಂದಳು. ಬಟ್ಟೆಯನ್ನು ಕೊಯ್ದಳು. ಮಗ್ಗದಲ್ಲಿ ಉಳಿದು ಜೋತಾಡುತ್ತಿದ್ದ ಎಳೆಗಳನ್ನು, ರಾಗಿ ಕೊಯ್ದ ಮೇಲೆ ಕೂಳೆ ಕೀಳುವಂತೆ ಎಳೆದು ತೆಗೆದು, ಗುಡಿಸಿ, ಮಗ್ಗವನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು ಕೈಮುಗಿದಳು.

ತೊಟ್ಟಿಲಿಗೆ ಹಾಸಿದ ಬಟ್ಟೆ ಕಂಡು ಬೀರಮ್ಮ ಬಗ್ಗಿ ಮುಟ್ಟಿದಳು. "ಇದೇನಮ್ಮಿ, ಬಟ್ಟೆಯೇ ನಮ್ಮ ನೋಡ್ದಂಗೈತೆ!"

ಸಂಜೆ ಬಂದ ಹೊಂಬಾಳಮ್ಮ ಕಂಕುಳಲ್ಲಿ ನೂಲಿನ ಗಂಟು ಹಿಡಿದೇ ಮಗ್ಗದ ಮುಂದೆ ನಿಂತಳು. ಅತ್ತಿಗೆ ಹಿಗ್ಗಿನಿಂದ ಎಲ್ಲವನ್ನೂ ಹೇಳಿದಳು. ನಾದಿನಿ ಮಗ್ಗದ ಬರಿದಾದ ದಾರದ ಕಣ್ಣುಗಳನ್ನು ಬೆರಳಿನಿಂದ ತಡವಿದಳು.

"ಎಳೆ ಏನ್ ಮಾಡ್ದೆ ಅತ್ಗೆ?"

"ತಿಪ್ಪೇಗೆ ಸುರ್ದೆ... ಯಾಕಮ್ಮಿ? ಕಸ ಅಲ್ವಾ ಅದು?"

ಹೊಂಬಾಳಮ್ಮ ನೂಲಿನ ಗಂಟನ್ನು ಕೆಳಗಿಟ್ಟು, "ಮಗೀಗೆ ಬೆಚ್ಚಗಿರ್ತದೆ ಬುಡು" ಎಂದಳು. ಬೈದಿದ್ದರೆ ಪಟ್ಟಲಮ್ಮ ಬದುಕಿಕೊಳ್ಳುತ್ತಿದ್ದಳು.

ಆಮೇಲೆ ತಿಂಗಳುಗಟ್ಟಲೆ ಹೊಂಬಾಳಮ್ಮ ತೊಟ್ಟಿಲ ಪಕ್ಕ ಕುಳಿತು, ಮಲಗಿದ ಕೂಸಿನ ಅಡಿಯ ಬಟ್ಟೆಯ ಅಂಚಿನಲ್ಲಿ ಕಂಡಷ್ಟು ಎಳೆ ಎಣಿಸಿ, ಎದ್ದು ಹೋಗಿ ತೂರಿಸಿ ನೋಡಿದಳು. ಮೂರು ಸಲ ನೇಯ್ದಳು. ಮೂರು ಸಲವೂ ಗುಬ್ಬಿಗಳು ಕಣ್ಣು ಮುಚ್ಚಿಕೊಂಡೇ ಬಂದವು. ಎಲ್ಲೋ ಒಂದು ತಿರುವು ಮುದುಕನ ಬೆರಳಿನೊಡನೆ ಹೋಗಿತ್ತು. ಐದನೆಯ ತಿಂಗಳು ಪಟ್ಟಲಮ್ಮನ ಮಗಳು ಕೂಸಿನೊಡನೆ ಗಂಡನ ಊರು ಸೋಮನಹಳ್ಳಿಗೆ ಹೊರಟಾಗ ಬಟ್ಟೆಯೂ ಹೊರಟಿತು. ತೊಟ್ಟಿಲಿಗೆ ಹಾಸಿದ್ದನ್ನು ಮರಳಿ ಕೇಳಬಾರದು ಎಂಬ ಮಾತಿದೆಯಲ್ಲ. ನಾದಿನಿ ಕೇಳಲಿಲ್ಲ. ಅತ್ತಿಗೆಗೆ, ಒಂದು ಅಂಗೈಯಗಲ ಹರಿದಾದರೂ ಉಳಿಸಿಕೊಳ್ಳೋಣ ಎಂದು ಬಾಯಿತನಕ ಬಂದ ಮಾತು ಬಾಯಲ್ಲೇ ಉಳಿಯಿತು. ಗಾಡಿ ತಿರುವು ದಾಟುವತನಕ ಇಬ್ಬರೂ ಕೂಸನ್ನು ನೋಡುತ್ತಿರುವವರಂತೆ ನಿಂತಿದ್ದರು.

ನಲವತ್ತೇಳರಲ್ಲಿ ಮಳವಳ್ಳಿಯಲ್ಲಿ ಹೆಂಗಸರಿಗೆ ನೇಯ್ಗೆ ಹೇಳಿಕೊಡಲು ಕರೆ ಬಂತು. ಹೊಂಬಾಳಮ್ಮ ಹೊರಟಳು, ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಕಲಿಯುವುದಕ್ಕೆಂದೇ ಹುಟ್ಟಿದ ಇಂಥ ಜೀವಗಳು ಊರಿಗೊಂದಾದರೂ ಇರುತ್ತವೆ. ಜಗತ್ತು ಅವರ ಕೈಯಲ್ಲಿ ಮುಗಿದ ಬಟ್ಟೆಯನ್ನು ಹುಡುಕುತ್ತದೆ. ಅವರ ಪ್ರಾಣವಿರುವುದು ಮುಗಿಯದೆ ಉಳಿದ ಎಳೆಯ ತುದಿಯಲ್ಲಿ. ಹಂಗಿಸುವವರು ಅದನ್ನು ಮುಟ್ಟಲಾರರು. ಅಲ್ಲಿಗೆ ಕುಡುಗೋಲು ತರುವವರು ಅಕ್ಕರೆಯವರೇ.

ಮಳವಳ್ಳಿಗೆ ಹೊರಟ ಬೆಳಿಗ್ಗೆ ಪಟ್ಟಲಮ್ಮ ಬುತ್ತಿ ಕಟ್ಟಿಕೊಟ್ಟು, "ಒಂಬಾಳಿ, ನಂಗೆ ಗೊತ್ತಿರ್ನಿಲ್ಲ ಕಣಮ್ಮಿ" ಎಂದಳು. ಒಂದು ವರ್ಷ ತಡೆದಿಟ್ಟ ಮಾತು ಅದು.

"ನಾನೂ ಏಳಿರ್ನಿಲ್ವಲ್ಲ ಅತ್ಗೆ, ನಿಂಗೆ."

ಮಗ್ಗವನ್ನು ತಲೆಯ ಮೇಲೆ ಹೊತ್ತು, ಒಂದು ಕೈಯಲ್ಲಿ ಅದನ್ನು ಹಿಡಿದು, ಹೊಂಬಾಳಮ್ಮ ಮೆಟ್ಟಿಲಿಳಿದಳು. ಬಿಡುವಿದ್ದ ಇನ್ನೊಂದು ಕೈ ಸೆರಗಿನ ಅಂಚಿಗೆ ಹೋಯಿತು. ಒಂದು, ಮೂರು, ಎರಡು, ನಾಲ್ಕು... ಬೆರಳುಗಳು ಗುಬ್ಬಿಗಣ್ಣಿನ ಸರದಿ ಹಿಡಿದು ಓಡಿ, ತಿರುಗಿ, ಮತ್ತೆ ಓಡಿ, ಒಂದೆಡೆ ಥಟ್ಟನೆ ನಿಂತವು. ಮೊದಲಿನಿಂದ ಶುರುವಾದವು. ಬೀದಿಯ ತಿರುವಿನತನಕ ಪಟ್ಟಲಮ್ಮ ನೋಡುತ್ತಲೇ ಇದ್ದಳು: ಅವು ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿದ್ದವು.