ದಿಂಬಿನೊಳಗಿನ ಕಾರ್ಡುಗಳು

ದಿಂಬಿನ ಹತ್ತಿಯನ್ನೆಲ್ಲ ಕಿತ್ತು ಮೂಲೆಗೆಸೆದು, ರುಕ್ಮಿಣಮ್ಮ ಕಾರ್ಡುಗಳನ್ನು ಬೊಗಸೆ ಬೊಗಸೆಯಾಗಿ ಅದರೊಳಕ್ಕೆ ತುರುಕುತ್ತಿದ್ದಳು. ಅವಸರಕ್ಕೆ ಅರ್ಧಕ್ಕರ್ಧ ನೆಲದ ಮೇಲೆ ಚೆಲ್ಲಿದವು. ಸಿಕ್ಕಂತೆ ಬಾಚಿ ಮತ್ತೆ ತುಂಬಿದಳು. ಪಡಸಾಲೆಯಲ್ಲಿ ಗಂಡ ಲಕ್ಷ್ಮಯ್ಯನ ಹೆಣ. ಅಳುವುದಕ್ಕಾದರೂ ಪುರುಸೊತ್ತು ಬೇಡವೇ? ಫ್ಯಾಕ್ಟರಿಯ ಸಾಹೇಬರೇ ಜೀಪಿನಲ್ಲಿ ಬರುತ್ತಿದ್ದಾರಂತೆ! ಕಾರ್ಡುಗಳನ್ನು ಸುಟ್ಟುಬಿಡೋಣವೆಂದರೆ ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ.

"ಏನತ್ತಿಗೆ, ಬಾಗ್ಲು ಹಾಕ್ಕೊಂಡಿದ್ದೀಯ?" ಮೈದುನ ಪಾಪಯ್ಯ ಕದ ತಟ್ಟಿದ.

"ಬಂದೆ ಕಣಪ್ಪ. ಅವ್ರ ದಿಂಬು ತರ್ತಿದ್ದೀನಿ."

ಸತ್ತವನ ದಿಂಬು ಅವನ ತಲೆಯಡಿಯೇ ಗುಂಡಿಗೆ ಇಳಿಯಬೇಕು. ಅದು ಆ ಮನೆತನದ ಪದ್ಧತಿ. ಹೆಣದ ದಿಂಬು ಬಿಚ್ಚಿ ನೋಡುವ ಧೈರ್ಯ ಯಾವ ಸಾಹೇಬನಿಗಿದೆ?

* * *

ಹೋದ ವರ್ಷ, ಎಪ್ಪತ್ತಮೂರರ ಬೇಸಿಗೆಯಲ್ಲಿ, ಲಕ್ಷ್ಮಯ್ಯ ಒಂದು ಡಬ್ಬ ಹೊತ್ತು ಮಾಕಳಿದುರ್ಗದಲ್ಲಿ ರೈಲಿಳಿದು ಬಂದಿದ್ದ. ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನಡೆಸುವ ಕೆಲಸ ಅವನದು. ಡಬ್ಬದ ತುಂಬ ತೂತು ಹೊಡೆದ ಕಾರ್ಡುಗಳು.

"ಆ ಮಿಶನ್ನಿಗೆ ಕೆಲಸ ಹೇಳಿಕೊಡೋದೇ ಇವು ಕಣೇ. ಹಳೇವಾದ್ವು, ಕೆಟ್ರೆ ಸರಿಮಾಡೋದು ಕಷ್ಟ ಅಂತ ತೆಗೆದುಹಾಕಿ ಹೊಸವು ತಂದವ್ರೆ. ಇವು ರದ್ದಿಗೆ ಹೋಗ್ತಿದ್ವು."

"ಕೇಳಿ ತಂದ್ರಾ?"

"ಸುಮ್ನಿರೇ ನೀನು."

ಅಷ್ಟೇ ಸಾಕಾಯಿತು, ಅವಳಿಗೆ ನಿದ್ದೆ ಹಾರಿಹೋಯಿತು. ತಾಮ್ರದ ತಂತಿ ಕದ್ದು ತಂದ ಜವರಪ್ಪನನ್ನು ಪೊಲೀಸರು ಊರವರೆದುರಿಗೇ ಎಳೆದೊಯ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಲಕ್ಷ್ಮಯ್ಯನಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಭಾನುವಾರ ಬಂತೆಂದರೆ ಜಗಲಿಯಲ್ಲಿ ಕೂತು ಕಾರ್ಡುಗಳನ್ನು ಒಂದರ ಹಿಂದೊಂದು ಜೋಡಿಸುವನು. ಒಂದು ಹಿಂದುಮುಂದಾದರೂ ಮಿಶನ್ನಿನ ತಲೆ ಕೆಡುತ್ತೆ ಎನ್ನುವನು. ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

* * *

ಹೊಲದ ಬದಿಯ ಗುಂಡಿಗೆ ಹೆಣ ಇಳಿಸಿ, ತಲೆಯಡಿ ದಿಂಬಿಟ್ಟು, ಪಾಪಯ್ಯ ಮೊದಲ ಹಿಡಿ ಮಣ್ಣೆತ್ತಿದ್ದ. ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಸಾಹೇಬರು ಶೂ ಕಳಚಿ ಓಡೋಡಿ ಬಂದರು. ರುಕ್ಮಿಣಮ್ಮ ಗುಂಡಿಗೆ ಅಡ್ಡವಾಗಿ ನಿಂತಳು.

"ಅಮ್ಮಾ, ಇಂಥ ಹೊತ್ನಲ್ಲಿ ಕೇಳಬಾರ್ದು. ಲಕ್ಷ್ಮಯ್ಯನೋರು ಮನೆಗೆ ತಂದಿದ್ದ ಕಾರ್ಡಿನ ಡಬ್ಬ..."

"ನಂಗೊತ್ತಿಲ್ಲ ಸ್ವಾಮಿ! ನಮ್ಮನೆಯವ್ರು ಕಳ್ಳರಲ್ಲ!"

"ಅಯ್ಯೋ, ಕಳ್ಳರು ಅಂದೋರ್ಯಾರಮ್ಮ? ಇಟ್ಕೊಳ್ಳಿ ಅಂತ ನಾನೇ ಕೊಟ್ಟಿದ್ದು. ಈಗ ಹೊಸವು ಕೈಕೊಟ್ಟಿವೆ. ಆ ಕಾರ್ಡು ಸಿಕ್ರೆ ನಾವು ಬದುಕಿಕೊಂಡ್ವಿ."

ಹೋದ ಜೀವ ಬಂದಂತಾಯಿತು. ಗುಂಡಿಯತ್ತ ಕಣ್ಣು ಹೊರಳಿದೊಡನೆ ಅದೂ ಹೋಯಿತು. ಹೇಳಿದರೆ ನೆಂಟರಿಷ್ಟರೆಲ್ಲ ಮುಖಕ್ಕೆ ಉಗಿಯುತ್ತಾರೆ. ಹೇಳದಿದ್ದರೆ ಗಂಡ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಮಣ್ಣುಪಾಲಾಗುತ್ತದೆ.

"ತಡಿ ಪಾಪಯ್ಯ! ದಿಂಬು ತೆಗಿ."

"ತಲೆ ಕೆಟ್ಟಿದ್ಯಾ ಅತ್ತಿಗೆ? ಗುಂಡಿಗಿಳಿಸಿದ್ದನ್ನ ಮೇಲೆತ್ತೋದಾ?"

"ತೆಗಿ ಅಂದ್ನಲ್ಲ! ಕಾರ್ಡು ಅದ್ರೊಳಗವೆ. ಹೆದ್ರಿಕೊಂಡು ನಾನೇ ತುಂಬಿದ್ದು."

ಬೈಯುತ್ತಲೇ ಪಾಪಯ್ಯ ಗುಂಡಿಗಿಳಿದ. ಸಾಹೇಬರು ದಿಂಬಿನ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ತಿರುವಿದರು. ಇನ್ನೊಂದು ಹಿಡಿ ತೆಗೆದರು. ಅವರ ಮುಖ ಕಪ್ಪಿಟ್ಟಿತು.

"ಎಲ್ಲಾ ಕಲೆಸಿಹೋಗಿವೆಯಲ್ಲಮ್ಮ! ಇನ್ನು ಇವನ್ನ ಜೋಡಿಸೋರು ಯಾರು?"

ರುಕ್ಮಿಣಮ್ಮ ಗುಂಡಿಯ ಅಂಚಿಗೆ ಕುಕ್ಕರಿಸಿ ಕೂತು ಒಳಗೆ ಬಗ್ಗಿದಳು.

"ಏಳ್ರೀ," ಎಂದಳು ಮೆಲ್ಲಗೆ. "ಸಾಹೇಬ್ರು ಕೇಳ್ತಾವ್ರೆ."

ದಿಂಬಿಲ್ಲದ ತಲೆ ಬರಿಯ ಮಣ್ಣಿನ ಮೇಲೆ ಒಂದು ಪಕ್ಕಕ್ಕೆ ವಾಲಿತ್ತು.