ಮೂರನೆಯ ಪೆಟ್ಟಿಗೆ

ನನ್ನ ತಮ್ಮನಿಗೆ ಕಾರೆಂದರೆ ಪ್ರಾಣ. ಅಕ್ಕ ಎಂದರೆ ಹೊತ್ತಿಗೆ ಸರಿಯಾಗಿ ತಿಂಡಿ, ಇಸ್ತ್ರಿ ಮಾಡಿದ ಅಂಗಿ, ಅಷ್ಟೇ. ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ್ದು ಇವನನ್ನೇ. ಗಂಡ ತೀರಿಕೊಂಡ ಮೇಲೆ ಇವನ ಮನೆಗೆ ಬಂದೆ, ಅಡುಗೆಮನೆಯ ಹಿಂದಿನ ಕೋಣೆ ಸಿಕ್ಕಿತು. ಒಂದು ಕಾಲದಲ್ಲಿ ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ ಎಂಬುದು ಇಲ್ಲಿ ಯಾರಿಗೂ ನೆನಪಿಲ್ಲ.

ನೆನಪಿದ್ದದ್ದು ಹಳೆಯ ಸಹೋದ್ಯೋಗಿಯೊಬ್ಬಳಿಗೆ. ಫೋನ್ ಮಾಡಿ, ಮನೆಯಿಂದಲೇ ವಿಡಿಯೋದಲ್ಲಿ ಪಾಠ ಹೇಳುವ ಕೆಲಸವಿದೆ, ಮೊದಲು ಒಂದು ಪಾಠ ಮಾಡಿ ತೋರಿಸಬೇಕು, ಮೆಚ್ಚಿದರೆ ಕೆಲಸ ನಿನ್ನದೇ ಎಂದಳು. ಕೆಲಸ ಸಿಕ್ಕರೆ ಒಂದು ಸಣ್ಣ ಬಾಡಿಗೆ ಮನೆ. ನನ್ನದೇ ಬಾಗಿಲು, ನನ್ನದೇ ಚಿಲಕ. ಹಾಳು ಆಸೆ ನೋಡಿ, ಅಷ್ಟಕ್ಕೇ ನಿದ್ದೆ ಹಾರಿಹೋಯಿತು. ಆದರೆ ನನ್ನ ಕೋಣೆಗೆ ವೈಫೈ ಬರುತ್ತಿರಲಿಲ್ಲ. ಸಿಮ್ಮಿನ ನೆಟ್ಟು ನಮ್ಮ ಬೀದಿಯಲ್ಲಿ ಮಾತಿಗೆ ಸಾಕು, ವಿಡಿಯೋಕ್ಕೆ ಸಾಲದು.

ಪುಣ್ಯಕ್ಕೆ ತಮ್ಮನೇ ಮನೆಗೆಲ್ಲ ಹೊಸ ವೈಫೈ ಹಾಕಿಸಲು ಹೊರಟ. ನೆಟ್ಟಿನವನು ಬಂದು ಸಿಗ್ನಲ್ ಹರಡುವ ಮೂರು ಬಿಳಿ ಪೆಟ್ಟಿಗೆ ಹೊರಗಿಟ್ಟ. ಫೋನ್ ಹಿಡಿದು ಕೋಣೆ ಕೋಣೆ ಸುತ್ತಿ, ನನ್ನ ಬಾಗಿಲಲ್ಲಿ ನಿಂತುಬಿಟ್ಟ.

“ಇಲ್ಲಿಗೊಂದು ಬೇಕೇ ಬೇಕು ಸಾರ್. ನಡುವೆ ಫ್ರಿಜ್ಜು, ಕಬ್ಬಿಣದ ಬೀರು ಎಲ್ಲಾ ಇದೆ. ಹಾಲ್‌ದು ಇಲ್ಲಿವರೆಗೂ ಬರಲ್ಲ.”

“ಒಂದು ಹಾಲ್‌ಗೆ, ಒಂದು ನಮ್ಮ ರೂಮಿಗೆ,” ಎಂದ ತಮ್ಮ. “ಮೂರನೇದು ಕಾರ್ ಶೆಡ್ಡಿಗೆ ಹಾಕಿ. ಅಲ್ಲಿ ಕ್ಯಾಮೆರಾ ಇದೆ, ನೆಟ್ ಇಲ್ದೆ ದಂಡಕ್ಕೆ ಕೂತಿದೆ. ನೆಟ್ ಬಂದ್ರೆ ಎಲ್ಲಿದ್ರೂ ಫೋನಲ್ಲೇ ಕಾರ್ ನೋಡ್ಬಹುದು.”

“ಲೋ, ನನ್ನ ಪಾಠ ಇದೆ ಅಂತ ಹೇಳಿದ್ನಲ್ಲೋ!”

“ಅಯ್ಯೋ ಅಕ್ಕಾ, ನಿಂಗೇನು? ಹಾಲ್‌ನಲ್ಲಿ ಕೂತ್ಕೊಂಡು ಮಾಡು. ಮನೆ ನಿಂದೇ ತಾನೇ?”

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಶೆಡ್ಡಿನ ಗೋಡೆಗೆ ಮೊಳೆ ಹೊಡೆಯುವ ಸದ್ದು ಮಾತ್ರ ನನ್ನ ಕೋಣೆಗೆ ಚೆನ್ನಾಗಿ ಬರುತ್ತಿತ್ತು. ಸದ್ದಿಗೆ ಪೆಟ್ಟಿಗೆ ಬೇಡವಲ್ಲ.

ಪಾಠದ ದಿನ ಹಾಲ್ ಬಿಟ್ಟುಕೊಡುತ್ತೇನೆ ಎಂದು ತಮ್ಮನ ಹೆಂಡತಿ ಬಾಯಿತುಂಬ ಹೇಳಿದ್ದಳು. ಹಲಗೆ, ಸೀಮೆಸುಣ್ಣ ಹಿಡಿದು ಬಂದು ನೋಡುತ್ತೇನೆ, ಸೋಫಾ ತುಂಬ ಅವಳ ಗೆಳತಿಯರು.

“ಅತ್ತಿಗೆ, ಬಂದವರನ್ನ ಎದ್ದುಹೋಗಿ ಅನ್ನಕ್ಕಾಗುತ್ತಾ? ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಹಾಗೇ ಎಲ್ಲರಿಗೂ ಟೀ ಮಾಡ್ಬಿಡಿ.”

ಟೀ ಮಾಡಿಕೊಟ್ಟೆ. ತಮ್ಮನ ರೂಮಿಗೆ ಕಸ ಗುಡಿಸಲು ಮಾತ್ರ ನನಗೆ ಪ್ರವೇಶ. ಹಾಗಾದರೆ ಉಳಿದದ್ದು ಮೂರನೆಯ ಪೆಟ್ಟಿಗೆ. ತಮ್ಮ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ, ಕಾರು ಸವೆಯಬಾರದಂತೆ. ಕೀಲಿ ಮೊಳೆಗೆ ನೇತಾಡುತ್ತಿತ್ತು. ತೆಗೆದುಕೊಂಡೆ.

ಕಾರಿನ ಮುಂದಿನ ಸೀಟಿನಲ್ಲಿ ಕೂತು ಫೋನನ್ನು ಗಾಜಿಗೆ ಒರಗಿಸಿದೆ, ಹಲಗೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡೆ. ಆಹಾ, ಏನು ಸಿಗ್ನಲ್ಲು! ಕಾರಿಗೆ ಎಂಥ ಸುಖ ಎಂದು ಆಗ ತಿಳಿಯಿತು. ಪರದೆಯಲ್ಲಿ ಮೂವರು ಪರೀಕ್ಷಕರು. ಭಿನ್ನರಾಶಿ ಶುರುಮಾಡಿದೆ. ಎರಡು ಮಾತಿಗೆಲ್ಲ ಹಳೆಯ ದನಿ ಬಂದುಬಿಟ್ಟಿತು. ಪರೀಕ್ಷಕರಲ್ಲಿ ಹಿರಿಯಳೊಬ್ಬಳು ನಗುತ್ತ ತಲೆಯಾಡಿಸಿದಳು. ನನಗೆ ಅಳುವಷ್ಟು ಸಂತೋಷವಾಯಿತು.

ಆಗ ತಮ್ಮನ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಪ್ರತಿ ಸಲವೂ ಪರೀಕ್ಷಕರ ಮುಖಗಳು ಅಲ್ಲಲ್ಲೇ ನಿಂತುಹೋಗುತ್ತಿದ್ದವು. ಯಾರಿಗೆ ಏನಾಯಿತೋ ಎಂದು ಹೆದರಿ ಕೊನೆಗೆ ಎತ್ತಿಕೊಂಡೆ.

“ಅಕ್ಕಾ, ಎಲ್ಲಿದೀಯಾ? ಕಾರಲ್ಲಿ ಯಾವಳೋ ಕಳ್ಳಿ ಕೂತಿದಾಳೆ! ಕ್ಯಾಮೆರಾದಲ್ಲಿ ಕಾಣಿಸ್ತಾ ಇದೆ. ಬೇಗ ಪಕ್ಕದ ಮನೆಯವರನ್ನ ಕರಿ!”

ಗಾಜಿನಾಚೆ, ಎದುರು ಗೋಡೆಯ ಮೇಲೆ ಕ್ಯಾಮೆರಾ ಇತ್ತು. ತಲೆ ಎತ್ತಿ ನೆಟ್ಟಗೆ ಅದನ್ನೇ ನೋಡಿದೆ.

“ಸರಿಯಾಗಿ ನೋಡಿ ಹೇಳೋ. ಯಾರದು?”

“ಯಾರೋ ನರೆತ ಕೂದಲಿನ ಹೆಂಗಸು. ಮುಖ ಚೆನ್ನಾಗೇ ಕಾಣ್ತಿದೆ, ನಮ್ಮ ಕಡೆಯವಳಲ್ಲ. ಯಾರಿಗೋ ಫೋನ್ ಮಾಡ್ತಿದಾಳೆ. ಥೂ, ನನ್ನನ್ನೇ ನೋಡ್ತಿದಾಳೆ ಕಣೇ!”

ನಾನು ಕೈ ಎತ್ತಿ ಆಡಿಸಿದೆ. ಚಿಕ್ಕವನಿದ್ದಾಗ ಅವನನ್ನು ಶಾಲೆಯೊಳಗೆ ಬಿಟ್ಟು, ಗೇಟಿನಾಚೆಯಿಂದ ಹೀಗೇ ಆಡಿಸುತ್ತಿದ್ದೆ.

“ನೀನಾ?” ಎಂದ. ಆಮೇಲೆ, “ಸೀಟಿಗೆ ಸೀಮೆಸುಣ್ಣ ಮೆತ್ತಿಸ್ಬೇಡ,” ಎಂದು ಫೋನ್ ಇಟ್ಟ.

ಪರದೆಯಲ್ಲಿ ಪರೀಕ್ಷಕರು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸಹೋದ್ಯೋಗಿಯ ಸಂದೇಶ ಬಂತು: ಪಾಠವೇನೋ ಹಿಡಿಸಿತಂತೆ, ಆದರೆ ಮನೆಯಲ್ಲಿ ನೆಟ್ಟು ನೆಟ್ಟಗಿಲ್ಲದವರು ಬೇಡವಂತೆ.

ಸೀಟು ಒರೆಸಿ ಕೀಲಿಯನ್ನು ಮೊಳೆಗೆ ಹಾಕಿದೆ. ಸಂಜೆ ತಮ್ಮ ಬಂದವನೇ ನೇರ ಶೆಡ್ಡಿಗೆ ಹೋಗಿ, ಕಾರಿನ ಬಾಗಿಲು ತೆಗೆದು, ಸೀಟನ್ನು ಬಗ್ಗಿ ಬಗ್ಗಿ ನೋಡಿದ. ಒಳಗೆ ಬಂದು, ನನ್ನ ಮುಖ ನೋಡದೆ, ಟೀ ಕೇಳಿದ.